ರ‍್ಯಾಮ್ ಡಿಸ್ಕ್ ಟಿಪ್ಸ್ ಕೊಡೋ ಮುಂಚೆ ಇಷ್ಟಾದ್ರೂ ಬರೀಬೇಕಿತ್ತು

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪೇಪರಿನ ಟೆಕ್ ಪುಟದಲ್ಲಿ ಮೊನ್ನೆ ಒಂದು ಲೇಖನ ಬಂದಿತ್ತು, ಹಳೇ ಕಂಪ್ಯೂಟರ್ ಸ್ಲೋ ಆಗಿದ್ರೆ ರ‍್ಯಾಮ್‌ನಲ್ಲೇ ಒಂದು ಡಿಸ್ಕ್ ಮಾಡ್ಕೊಂಡು ಮೌಂಟ್ ಮಾಡಿ (ಅಂದ್ರೆ ಒಂದು ಫೋಲ್ಡರ್‌ಗೆ ಜೋಡಿಸಿ), ಕೆಲಸದ ಫೈಲೆಲ್ಲ ಅಲ್ಲಿಗೆ ಹಾಕ್ಬಿಡಿ, ಆಮೇಲೆ ಸ್ಪೀಡ್ ನೋಡಿ ಅಂತ. ಒಂದು ಸಾಲು ಕಮಾಂಡು, ಪಕ್ಕದಲ್ಲಿ ಒಂದು ಫೋಟೋ, ಮುಗೀತು. ಕನ್ನಡ ಪೇಪರ್‌ನಲ್ಲಿ ಲಿನಕ್ಸ್, ಯುನಿಕ್ಸ್ ಥರದ ಆಪರೇಟಿಂಗ್ ಸಿಸ್ಟಮ್ ಬಗ್ಗೆ ಬರೋದೇ ಅಪರೂಪ, ಬರೆದೋರಿಗೆ ಶಭಾಷ್ ಅನ್ಲೇಬೇಕು, ಆದ್ರೆ ಕರೆಂಟ್ ಹೋದ್ರೆ ಅದ್ರೊಳಗಿರೋದೆಲ್ಲ ಹೋಗತ್ತೆ ಅನ್ನೋ ಒಂದೇ ಒಂದು ವಾಕ್ಯ ಇಡೀ ಲೇಖನದಲ್ಲಿ ಎಲ್ಲೂ ಇಲ್ಲ. ಬೆಂಗಳೂರಲ್ಲಿ ಕೂತು ಈ ವಾಕ್ಯ ಬಿಟ್ಟು ಮೆಮೊರಿ ಡಿಸ್ಕ್ ಬಗ್ಗೆ ಹೆಂಗೆ ಬರೀತಾರೆ ಅಂತ ನಂಗಂತೂ ಅರ್ಥ ಆಗ್ಲಿಲ್ಲ, ಒಂದು ಜೋರು ಮಳೆ ಬಂದ್ರೆ ಸಾಕಲ್ವಾ ಇಲ್ಲಿ.

ಅದಕ್ಕಿಂತ ಮುಂಚೆ ಇನ್ನೊಂದು ಹೇಳ್ಬಿಡ್ತೀನಿ. ನೀವು ಪ್ರಿಂಟ್ ಮಾಡಿರೋ ಆ ಕಮಾಂಡು ಹಂಗೇ ಟೈಪ್ ಮಾಡಿದ್ರೆ ಓಡೋದೇ ಇಲ್ಲ. ಮೌಂಟ್ ಆದ್ಮೇಲೆ ಒಂದು ಸಣ್ಣ ಡ್ಯಾಶ್, ಅದಕ್ಕೆ ಅಂಟಿಕೊಂಡು ಟಿ ಅಕ್ಷರ ಬರ್ಬೇಕು, ನಿಮ್ಮ ಪೇಜ್ ಕಟ್ಟೋ ಸಾಫ್ಟ್‌ವೇರ್ ಅದನ್ನ ಉದ್ದ ಗೆರೆ ಮಾಡಿಟ್ಟಿದೆ, ಕಾಲಂ ಸಣ್ಣದು ಅಂತ ಸಾಲನ್ನ ಮಧ್ಯೆ ಮುರಿದು ಅಲ್ಲೊಂದು ಹೆಚ್ಚಿನ ಡ್ಯಾಶ್ ಬೇರೆ ಸೇರ್ಕೊಂಡಿದೆ, ಸೈಜ್ ಹತ್ರ ಇರೋದು ಒಂದು ಅನ್ನೋ ಅಂಕಿನೋ ಎಲ್ ಅಕ್ಷರಾನೋ ಭೂತಗನ್ನಡಿ ಹಾಕಿದ್ರೂ ಗೊತ್ತಾಗಲ್ಲ. ನಾನೂ ಡಿಟಿಪಿ ಕೆಲಸದವನೇ, ಆಟೋ ಕರೆಕ್ಟ್ ಆನ್ ಇದ್ರೆ ಹಿಂಗೇ ಆಗೋದು. ಇನ್ಮುಂದೆ ಕಮಾಂಡ್ ಹಾಕೋದಿದ್ರೆ ಸ್ಕ್ರೀನ್‌ಶಾಟ್ ತೆಗೆದು ಫೋಟೋ ಥರ ಹಾಕಿ. ಈ ಪತ್ರದಲ್ಲಿ ಕಮಾಂಡ್‌ಗಳನ್ನ ಫೋನಲ್ಲಿ ಹೇಳ್ಕೊಡೋ ಥರ ಕನ್ನಡದಲ್ಲೇ ಬರೀತಿದೀನಿ, ಡ್ಯಾಶ್ ಅಂದ್ರೆ ಸಣ್ಣ ಡ್ಯಾಶ್, ಕಾಮಾ ಹಾಕಿರೋ ಕಡೆ ಒಂದು ಗ್ಯಾಪ್, ಗೊತ್ತಿರೋರಿಗೆ ಸಾಕು, ನಿಮ್ಮ ಮಶಿನ್ ಕೆಡಿಸೋಕೂ ಆಗಲ್ಲ.

ನಮ್ಮದು ಸುಲ್ತಾನ್‌ಪೇಟೆ ಕಡೆ ಒಂದು ಸಣ್ಣ ಅಂಗಡಿ. ಮದುವೆ ಕಾರ್ಡು, ಬಿಲ್ ಬುಕ್ಕು, ಜೊತೆಗೆ ಹಳೇ ಪುಸ್ತಕ ಸ್ಕ್ಯಾನ್ ಮಾಡಿ ಅಕ್ಷರ ಎತ್ತಿ ಕೊಡೋ ಕೆಲಸ. ನಿಮ್ಮ ಲೇಖನ ಬಂದ ವಾರಾನೇ ಅದೇ ಬೀದಿಯ ಇನ್ನೊಂದು ಅಂಗಡಿ ಹುಡುಗ ಅದನ್ನ ಓದಿ ಟ್ರೈ ಮಾಡಿದಾನೆ. ಚುರುಕು ಹುಡುಗ, ಉದ್ದ ಗೆರೇನ ಅವನೇ ಸಣ್ಣ ಡ್ಯಾಶ್ ಮಾಡ್ಕೊಂಡು ಓಡಿಸಿದಾನೆ. ಆದ್ರೆ ಎಲ್ಲಿಗೆ ಮೌಂಟ್ ಮಾಡ್ಬೇಕು ಅಂತ ಲೇಖನದಲ್ಲಿ ಸರಿಯಾಗಿ ಇರ್ಲಿಲ್ವಲ್ಲ, ಕೆಲಸದ ಫೋಲ್ಡರ್ ಮೇಲೇನೇ ಮಾಡ್ಬಿಟ್ಟಿದಾನೆ. ಎಂಟರ್ ಹೊಡೆದ ತಕ್ಷಣ ಫೋಲ್ಡರ್ ಖಾಲಿ! ಓನರ್‌ಗೆ ಗೊತ್ತಾದ್ರೆ ಬೈತಾರೆ ಅಂತ ಸುಮ್ನೆ ಪೆನ್‌ಡ್ರೈವ್‌ನಲ್ಲಿದ್ದ ಹಳೇ ಕಾಪಿ ತಂದು ಅದ್ರೊಳಗೆ ಸುರ್ಕೊಂಡು ಕೆಲಸ ಶುರು ಮಾಡಿದಾನೆ. ಮಧ್ಯಾಹ್ನ ಕರೆಂಟ್ ಹೋಯ್ತು, ಯುಪಿಎಸ್ ಒಂದೆರಡು ಸಲ ಕುಯ್ ಕುಯ್ ಅಂದು ಅದೂ ಕೈ ಎತ್ತಿದೆ, ಬ್ಯಾಟರಿ ಬದಲಾಯ್ಸಿ ಎಷ್ಟು ವರ್ಷ ಆಗಿತ್ತೋ.

ಕರೆಂಟ್ ಬಂದ್ಮೇಲೆ ನನ್ನ ಹತ್ರ ಓಡ್ಬಂದ. "ಅಣ್ಣಾ, ಬೆಳಗ್ಗೆ ಮಾಯ ಆಗಿದ್ದ ಫೈಲೆಲ್ಲ ವಾಪಸ್ ಬಂದಿದಾವೆ, ಬೆಳಗ್ಗಿಂದ ಮಾಡಿದ್ದು ಮಾತ್ರ ಒಂದೂ ಇಲ್ಲ."

"ಡಿ ಎಫ್ ಹೊಡೆದು ನೋಡ್ದೇನೋ?" ಅಂದೆ. ಯಾವ್ಯಾವ ಡಿಸ್ಕ್ ಮೌಂಟ್ ಆಗಿದೆ ಅಂತ ತೋರ್ಸೋ ಕಮಾಂಡು ಅದು.

"ನೋಡ್ದೆ, ಆ ಟೆಂಪ್ ಎಫ್ ಎಸ್ ಅನ್ನೋ ಲೈನೇ ಇಲ್ಲ. ರಿಕವರಿ ಸಾಫ್ಟ್‌ವೇರ್ ಹಾಕಿದ್ರೆ ಬರಲ್ವಾ ಅಣ್ಣಾ?"

ಎಲ್ಲಿಂದ ಬರ್ಬೇಕು? ಟೆಂಪ್ ಎಫ್ ಎಸ್ ಅಂದ್ರೆ ಮೆಮೊರೀಲೇ ಇರೋ ಫೈಲ್ ಜಾಗ. ಡಿಸ್ಕ್ ಮೇಲೆ ಬರೆದಿದ್ರೆ ತಾನೇ ಹುಡುಕೋದು. ಅದೃಷ್ಟಕ್ಕೆ ಮದುವೆ ಕಾರ್ಡಿನ ಪ್ರೂಫ್ ಒಂದು ಪ್ರಿಂಟ್ ತೆಗೆದಿದ್ದ, ಗಿರಾಕಿ ಅದ್ರ ಮೇಲೆ ನೀಲಿ ಪೆನ್ನಲ್ಲಿ 'ಆಗಮನಾಭಿಲಾಷಿಗಳು' ಜಾಗದಲ್ಲಿ ಬಿಟ್ಟೋಗಿದ್ದ ಸೋದರಮಾವನ ಹೆಸರು ಸೇರಿಸಿ, ಧಾರಾ ಮುಹೂರ್ತದ ಟೈಮ್ ತಿದ್ದಿ ಕೊಟ್ಟೋಗಿದ್ರು, ಅದನ್ನೇ ಮುಂದಿಟ್ಕೊಂಡು ಮತ್ತೆ ಮೊದಲಿಂದ ಟೈಪ್ ಮಾಡ್ದ. ಉಳಿದ ಡಿಸೈನ್ ಎಲ್ಲ ಗೋವಿಂದ.

ಇದ್ರಲ್ಲಿ ಎರಡು ವಿಷಯ ಇದೆ, ಎರಡೂ ನಿಮ್ಮ ಲೇಖನದಲ್ಲಿ ಇರಬೇಕಿತ್ತು. ಯುನಿಕ್ಸ್ ಥರದ ಸಿಸ್ಟಮ್‌ನಲ್ಲಿ ಒಂದು ಫೋಲ್ಡರ್ ಮೇಲೆ ಇನ್ನೊಂದು ಫೈಲ್ ಸಿಸ್ಟಮ್ (ಡಿಸ್ಕಿನಲ್ಲಿ ಫೈಲ್ ಜೋಡಿಸಿಡೋ ವ್ಯವಸ್ಥೆ) ಮೌಂಟ್ ಮಾಡಿದ್ರೆ ಕೆಳಗಿರೋ ಫೈಲ್‌ಗಳು ಅಳಿಸಿ ಹೋಗಲ್ಲ, ಮುಚ್ಕೋತವೆ ಅಷ್ಟೇ. ಅನ್‌ಮೌಂಟ್ ಮಾಡಿದ್ರೆ ಇದ್ದಂಗೇ ಕಾಣ್ಸತ್ತೆ. ಆ ಹುಡುಗ ಬೆಳಗ್ಗೆ ಯುಮೌಂಟ್ ಅಂತ ಒಂದು ಮಾತು ಹೊಡೆದಿದ್ರೆ ಹೆದರೋ ಕೆಲಸಾನೇ ಇರ್ಲಿಲ್ಲ (ಅನ್‌ಮೌಂಟ್ ಕಮಾಂಡಿಗೆ ಎನ್ ಇಲ್ಲ, ಇದನ್ನೂ ಬರೀಬೇಕಿತ್ತು). ಅದಕ್ಕೇ ಯಾವಾಗ್ಲೂ ಹೊಸದಾಗಿ ಒಂದು ಖಾಲಿ ಫೋಲ್ಡರ್ ಮಾಡ್ಕೊಂಡು ಅದ್ರ ಮೇಲೆ ಮೌಂಟ್ ಮಾಡೋದು. ಎರಡನೇದು ಆಗ್ಲೇ ಹೇಳ್ದೆ, ಮೆಮೊರಿ ಡಿಸ್ಕ್ ಅನ್ನೋದು ಸ್ಲೇಟು, ಒರೆಸಿದ್ರೆ ಹೋಯ್ತು, ಅದ್ರಲ್ಲಿ ಲೆಕ್ಕ ಮಾಡ್ಬೋದು, ಲೆಕ್ಕದ ಪುಸ್ತಕ ಅದಾಗ್ಬಾರ್ದು.

ಹಂಗಂತ ಮೆಮೊರಿ ಡಿಸ್ಕೇ ಬೇಡ ಅಂತ ಬರೀತಿಲ್ಲ ನಾನು. ನಮ್ಮ ಅಂಗಡಿ ಸರ್ವರ್ ಫ್ರೀಬಿಎಸ್‌ಡಿ, ಬರ್ಕ್ಲಿ ಯುನಿಕ್ಸ್ ವಂಶದ ಆಪರೇಟಿಂಗ್ ಸಿಸ್ಟಮ್, ಅದ್ರಲ್ಲಿ ದಿನಾ ಇದನ್ನೇ ಉಪಯೋಗ್ಸೋದು. ಇದೇನು ಹೊಸ ಟ್ರಿಕ್ಕೂ ಅಲ್ಲ. ಬರ್ಕ್ಲಿ ಯುನಿಕ್ಸ್‌ನ ಮೆಕ್ಯೂಸಿಕ್, ಕ್ಯಾರಲ್ಸ್, ಬಾಸ್ಟಿಕ್ ಮೂರು ಜನ 1990ರಲ್ಲೇ ಮೆಮೊರಿ ಫೈಲ್ ಸಿಸ್ಟಮ್ ಬಗ್ಗೆ ಯುಸೆನಿಕ್ಸ್ ಸಮ್ಮೇಳನದಲ್ಲಿ ಪೇಪರ್ ಓದಿದ್ರು, ಆವಾಗ ಅದು ಒಂದು ಪ್ರೋಸೆಸ್ ಥರ ಓಡ್ತಿತ್ತು, ಆ ಪ್ರೋಸೆಸ್ಸಿನ ಮೆಮೊರೀನೇ ಡಿಸ್ಕು, ಜಾಗ ಕಮ್ಮಿ ಬಿದ್ರೆ ಬೇರೆ ಪ್ರೋಗ್ರಾಂ ಥರಾನೇ ಅದೂ ಸ್ವಾಪ್‌ಗೆ (ರ‍್ಯಾಮ್ ಸಾಲದಾಗ ಉಪಯೋಗ್ಸೋ ಹಾರ್ಡ್‌ಡಿಸ್ಕ್ ಜಾಗಕ್ಕೆ) ಹೋಗ್ತಿತ್ತು. ಆಮೇಲೆ ಫ್ರೀಬಿಎಸ್‌ಡಿಗೆ ಪೌಲ್ ಹೆನ್ನಿಂಗ್ ಕ್ಯಾಂಪ್ ಅನ್ನೋರು ಎಂಡಿ, ಅಂದ್ರೆ ಮೆಮೊರಿ ಡಿಸ್ಕ್, ಡ್ರೈವರ್ ಬರೆದ್ರು, 2000ದಲ್ಲಿ ಬಂದ 4.0 ಆವೃತ್ತಿಯಿಂದ ಇದೆ. ಟೆಂಪ್ ಎಫ್ ಎಸ್ ಅನ್ನೋದು ಬಿಎಸ್‌ಡಿ ಕಡೆ ಬಂದಿದ್ದು 2005ರಲ್ಲಿ, ಗೂಗಲ್ ಸಮ್ಮರ್ ಆಫ್ ಕೋಡ್‌ನಲ್ಲಿ ಹೂಲಿಯೋ ಮೆರಿನೋ ಅನ್ನೋ ಹುಡುಗ ನೆಟ್‌ಬಿಎಸ್‌ಡಿಗೆ ಬರೆದಿದ್ದು, ಅಲ್ಲಿಂದ ಫ್ರೀಬಿಎಸ್‌ಡಿಗೂ ಬಂತು. ಲಿನಕ್ಸ್‌ನವರ ಟೆಂಪ್ ಎಫ್ ಎಸ್ ಬೇರೆ, ಅದು 2.4 ಕರ್ನಲ್ (ಸಿಸ್ಟಮ್‌ನ ತಿರುಳು) ಕಾಲದ್ದು.

ಎಂಡಿಯಲ್ಲಿ ನಿಮ್ಮ ಲೇಖಕರು ಮುಟ್ಟದೇ ಬಿಟ್ಟ ಮುಖ್ಯ ವಿಷಯ ಏನಂದ್ರೆ, ಈ ಡಿಸ್ಕಿನ ಹಿಂದೆ ನಿಜವಾಗ್ಲೂ ಇರೋದು ಏನು ಅನ್ನೋದು. ಮ್ಯಾಲಕ್ ಅಂತ ಒಂದು ಬಗೆ ಇದೆ, ಅದು ಕರ್ನಲ್ ತನಗೆ ಅಂತ ಇಟ್ಕೊಂಡಿರೋ ಮೆಮೊರೀಲಿ ಜಾಗ ತಗೊಳತ್ತೆ, ಆ ಜಾಗ ಸ್ವಾಪ್‌ಗೆ ಹೋಗೋದೇ ಇಲ್ಲ. ಕೇಳೋಕೆ ಚೆನ್ನಾಗಿದೆ, ಆದ್ರೆ ದೊಡ್ಡ ಸೈಜ್ ಕೊಟ್ಟು ಅದನ್ನ ತುಂಬ್ಸೋಕೆ ಹೋದ್ರೆ ಕರ್ನಲ್‌ಗೇ ಮೆಮೊರಿ ಇಲ್ದಂಗಾಗಿ ಸಿಸ್ಟಮ್ ಪ್ಯಾನಿಕ್, ಅಂದ್ರೆ ಮಶಿನ್ ಅಲ್ಲೇ ಮಲಗತ್ತೆ, ಇದನ್ನ ಅವರ ಮ್ಯಾನುಯಲ್‌ನಲ್ಲೇ ಎಚ್ಚರಿಕೆ ಅಂತ ಹಾಕಿದಾರೆ. ಸ್ವಾಪ್ ಅಂತ ಇನ್ನೊಂದು ಬಗೆ, ಸಾಧಾರಣವಾಗಿ ಎಲ್ರಿಗೂ ಬೇಕಾಗಿರೋದು ಇದೇ, ಹೆಸರು ನೋಡಿ ಇದು ಹಾರ್ಡ್‌ಡಿಸ್ಕ್ ಮೇಲಿರೋದು, ಸ್ಲೋ ಅನ್ಕೋಬೇಡಿ, ಇದೂ ರ‍್ಯಾಮ್‌ನಲ್ಲೇ ಇರತ್ತೆ, ಬೇರೆ ಪ್ರೋಗ್ರಾಂಗಳಿಗೆ ರ‍್ಯಾಮ್ ಸಾಲದೇ ಬಂದಾಗ ಮಾತ್ರ ಇದ್ರ ಪೇಜ್‌ಗಳು (ಮೆಮೊರಿ ತುಂಡುಗಳು) ಸ್ವಾಪ್‌ಗೆ ಜಾರ್ಕೋತವೆ. ವಿನೋಡ್ ಅನ್ನೋದು ಮೂರನೇದು, ಇದು ಮೆಮೊರೀನೇ ಅಲ್ಲ, ಡಿಸ್ಕ್ ಮೇಲಿರೋ ಒಂದು ಫೈಲನ್ನೇ ಡಿಸ್ಕ್ ಥರ ತೋರ್ಸತ್ತೆ, ಐಎಸ್ಓ ಫೈಲ್ ಡೌನ್‌ಲೋಡ್ ಮಾಡಿ ಸಿಡಿ ಬರೆಯದೇ ಒಳಗೇನಿದೆ ನೋಡ್ಬೇಕಾದ್ರೆ ಇದು. ಕರೆಂಟ್ ಹೋದ್ರೂ ಫೈಲ್ ಅಲ್ಲೇ ಇರತ್ತೆ. ಈ ಮೂರಕ್ಕೂ ಕಮಾಂಡ್ ಒಂದೇ, ಒಂದು ಪದ ವ್ಯತ್ಯಾಸ, ಆ ಒಂದು ಪದದಲ್ಲಿ ನಿಮ್ಮ ಫೈಲ್ ಉಳಿಯತ್ತೋ ಇಲ್ವೋ, ಮಶಿನ್ ಮಲಗತ್ತೋ ಇಲ್ವೋ ಎಲ್ಲ ತೀರ್ಮಾನ ಆಗೋದು. ಲೋಡರ್ ಬೂಟ್ ಆಗೋವಾಗ್ಲೇ ತಂದು ಕೂರ್ಸೋ ಪ್ರೀಲೋಡ್ ಅಂತಾನೂ ಇದೆ, ಇನ್‌ಸ್ಟಾಲ್ ಮಾಡೋ ಮೀಡಿಯಾ ತಯಾರು ಮಾಡೋರಿಗೆ ಬೇಕಾಗೋದು, ನಮಗಲ್ಲ.

ಮಾಡೋ ಕ್ರಮ ಹಿಂಗೆ. ರೂಟ್ (ಮಶಿನ್‌ನ ಮುಖ್ಯ ಯೂಸರ್) ಆಗಿ ಎಂಡಿ ಕಾನ್ಫಿಗ್, ಡ್ಯಾಶ್ ಎ, ಡ್ಯಾಶ್ ಟಿ, ಸ್ವಾಪ್, ಡ್ಯಾಶ್ ಎಸ್, 2ಜಿ, ಡ್ಯಾಶ್ ಯು, 1 ಅಂತ ಹೊಡೆದ್ರೆ ಡೆವ್ ಫೋಲ್ಡರ್ ಕೆಳಗೆ ಎಂಡಿ1 ಅಂತ ಒಂದು ಡಿಸ್ಕ್ ಹುಟ್ಕೊಳತ್ತೆ. ಇದು ಅಂಗಡಿಯಿಂದ ಈಗ್ತಾನೇ ತಂದ ಹೊಸ ಹಾರ್ಡ್‌ಡಿಸ್ಕ್ ಥರ ಖಾಲಿ, ಇದ್ರ ಮೇಲೆ ಫೈಲ್ ಸಿಸ್ಟಮ್ ಇಲ್ಲ, ಆದ್ರಿಂದ ನ್ಯೂ ಎಫ್ ಎಸ್, ಡ್ಯಾಶ್ ದೊಡ್ಡ ಯು, ಎಂಡಿ1 ಅಂತ ಫಾರ್ಮ್ಯಾಟ್ ಮಾಡ್ಬೇಕು. ಆಮೇಲೆ ಮೌಂಟ್ ಕಮಾಂಡಿಗೆ ಸ್ಲ್ಯಾಶ್ ಡೆವ್ ಸ್ಲ್ಯಾಶ್ ಎಂಡಿ1, ಅದ್ರ ಪಕ್ಕ ನೀವು ಮಾಡ್ಕೊಂಡಿರೋ ಖಾಲಿ ಫೋಲ್ಡರ್. ಎಲ್ರೂ ಬರೆಯೋ ಜಾಗ ಆದ್ರೆ ಸಿ ಎಚ್ ಮಾಡ್ ಹಾಕಿ 1777 ಪರ್ಮಿಶನ್ ಕೊಡ್ಬೇಕು, ಮುಂದಿರೋ ಆ 1 ಬಿಟ್ಟು ಬರೀ 777 ಕೊಟ್ರೆ ಒಬ್ರ ಫೈಲನ್ನ ಇನ್ನೊಬ್ರು ಅಳಿಸ್ಬೋದು, ಒಂದೇ ಮಶಿನ್‌ಗೆ ನಾಲ್ಕು ಜನ ಲಾಗಿನ್ ಆಗೋ ನಮ್ಮಂಥ ಕಡೆ ಇದ್ರಿಂದ ಜಗಳಾನೇ ಆಗತ್ತೆ. ಈ ಹಂತಗಳನ್ನೆಲ್ಲ ಒಂದೇ ಸಲಕ್ಕೆ ಮಾಡೋಕೆ ಎಂಡಿ ಎಂ ಎಫ್ ಎಸ್ ಅಂತ ಇದೆ, ಸೈಜು, ಎಂಡಿ, ಫೋಲ್ಡರ್ ಹೇಳಿದ್ರೆ ಉಳಿದಿದ್ದು ಅದೇ ನೋಡ್ಕೊಳತ್ತೆ. ಪ್ರತೀ ಬೂಟ್‌ಗೂ ತಾನೇ ಬರ್ಬೇಕು ಅಂದ್ರೆ ಎಫ್‌ಎಸ್ ಟ್ಯಾಬ್ ಫೈಲಲ್ಲಿ ಒಂದು ಸಾಲು, ಬರೀ ಟೆಂಪ್ ಫೋಲ್ಡರ್‌ಗೆ ಸಾಕು ಅಂದ್ರೆ ಆರ್‌ಸಿ ಡಾಟ್ ಕಾನ್ಫ್‌ನಲ್ಲಿ ಟೆಂಪ್ ಎಂ ಎಫ್ ಎಸ್ ಎದುರಿಗೆ ಯೆಸ್ ಅಂತ ಬರೆದು ಟೆಂಪ್ ಸೈಜ್ ಎಷ್ಟು ಅಂತ ಹೇಳಿದ್ರೆ ಆಯ್ತು.

ತೆಗೆಯೋದನ್ನ ಯಾರೂ ಹೇಳ್ಕೊಡಲ್ಲ. ಮೊದ್ಲು ಯುಮೌಂಟ್, ಆಮೇಲೆ ಎಂಡಿ ಕಾನ್ಫಿಗ್, ಡ್ಯಾಶ್ ಡಿ, ಡ್ಯಾಶ್ ಯು, 1. ಬರೀ ಅನ್‌ಮೌಂಟ್ ಮಾಡಿ ಬಿಟ್ರೆ ಡಿಸ್ಕ್ ಹಂಗೇ ಇರತ್ತೆ, ತಿಂದಿದ್ದ ಮೆಮೊರಿ ವಾಪಸ್ ಕೊಡಲ್ಲ, ಜನ ಆಮೇಲೆ ರ‍್ಯಾಮ್ ಎಲ್ಲಿ ಹೋಯ್ತು ಅಂತ ತಲೆ ಕೆರ್ಕೋತಾರೆ. ಎಂಡಿ ಕಾನ್ಫಿಗ್, ಡ್ಯಾಶ್ ಎಲ್ ಅಂದ್ರೆ ಯಾವ್ಯಾವ ಡಿಸ್ಕ್ ಇನ್ನೂ ಜೀವಂತ ಇದಾವೆ ಅಂತ ಪಟ್ಟಿ ಬರತ್ತೆ, ಡ್ಯಾಶ್ ವಿ ಕೂಡ ಸೇರಿಸಿದ್ರೆ ಬಗೆ, ಸೈಜು ಎಲ್ಲ ತೋರ್ಸತ್ತೆ. ಅನ್‌ಮೌಂಟ್ ಮಾಡೋವಾಗ ಡಿವೈಸ್ ಬ್ಯುಸಿ ಅಂತ ಬಂದ್ರೆ ಡ್ಯಾಶ್ ಎಫ್ ಹಾಕಿ ಬಲವಂತ ಮಾಡೋಕೆ ಹೋಗ್ಬೇಡಿ, ಯಾವ್ದೋ ಟರ್ಮಿನಲ್ ಆ ಫೋಲ್ಡರ್ ಒಳಗೇ ಕೂತಿರತ್ತೆ, ತುಂಬಾ ಸಲ ಅದು ನೀವೇ ಕಮಾಂಡ್ ಹೊಡೀತಿರೋ ಟರ್ಮಿನಲ್ಲೇ ಆಗಿರತ್ತೆ.

ಇನ್ನೊಂದು ಒಳಗಿನ ವಿಷಯ. ಎಂಡಿ ಮೇಲೆ ಯುಎಫ್‌ಎಸ್ (ನ್ಯೂ ಎಫ್ ಎಸ್ ಮಾಡಿಕೊಡೋ ಫೈಲ್ ಸಿಸ್ಟಮ್) ಹಾಕಿ ಮೌಂಟ್ ಮಾಡಿರೋವಾಗ ಒಳಗಿನ ಫೈಲ್ ಅಳಿಸಿದ್ರೆ ಫೈಲ್ ಹೋಗತ್ತೆ, ಆದ್ರೆ ಅದು ಹಿಡ್ಕೊಂಡಿದ್ದ ಮೆಮೊರಿ ಹಂಗೇ ಉಳ್ಕೊಳತ್ತೆ, ಯಾಕಂದ್ರೆ ಕೆಳಗಿರೋ ಡಿಸ್ಕಿಗೆ ಆ ಬ್ಲಾಕ್ ಈಗ ಬೇಡ ಅಂತ ಯಾರೂ ಹೇಳಿರಲ್ಲ. ಎಸ್‌ಎಸ್‌ಡಿಗೆ ಟ್ರಿಮ್ ಹೇಳೋ ಥರಾನೇ ಇದಕ್ಕೂ ಹೇಳ್ಬೇಕು, ನ್ಯೂ ಎಫ್ ಎಸ್ ಮಾಡೋವಾಗ ಡ್ಯಾಶ್ ಸಣ್ಣ ಟಿ ಸೇರಿಸಿದ್ರೆ ಆವಾಗ ಅಳಿಸಿದ ಜಾಗ ಸಿಸ್ಟಮ್‌ಗೆ ವಾಪಸ್ ಹೋಗತ್ತೆ. ಟೆಂಪ್ ಎಫ್ ಎಸ್‌ನಲ್ಲಿ ಈ ತಾಪತ್ರಯ ಇಲ್ಲ, ಅಲ್ಲಿ ಮಧ್ಯೆ ಡಿಸ್ಕ್ ಅನ್ನೋ ವೇಷಾನೇ ಇಲ್ಲ, ಫೈಲ್ ಇದ್ದಷ್ಟೇ ಮೆಮೊರಿ, ಅಳಿಸಿದ್ರೆ ಆ ಕ್ಷಣಾನೇ ಖಾಲಿ, ಫಾರ್ಮ್ಯಾಟ್ ಮಾಡೋದೂ ಬೇಡ. ಹಂಗಾಗಿ ಸುಮ್ನೆ ಟೆಂಪರರಿ ಫೈಲ್ ಹಾಕೋಕೆ ನನ್ನ ಓಟು ಟೆಂಪ್ ಎಫ್ ಎಸ್‌ಗೇ, ನಿಜವಾದ ಡಿಸ್ಕ್ ಥರ ಪಾರ್ಟಿಶನ್ ಮಾಡಿ, ಫಾರ್ಮ್ಯಾಟ್ ಮಾಡಿ ಕಲೀಬೇಕು, ಟೆಸ್ಟ್ ಮಾಡ್ಬೇಕು ಅನ್ನೋರಿಗೆ ಎಂಡಿ. ಓದೋ ಹುಡುಗರಿಗೆ ಇದು ಬಂಗಾರ, ಇರೋ ಹಾರ್ಡ್‌ಡಿಸ್ಕ್ ಹಾಳು ಮಾಡ್ಕೊಳ್ದೇ ಏನು ಬೇಕಾದ್ರೂ ಟ್ರೈ ಮಾಡ್ಬೋದು, ಎಸ್‌ಪಿ ರೋಡ್‌ಗೆ ಹೋಗಿ ಸೆಕೆಂಡ್ ಹ್ಯಾಂಡ್ ಡಿಸ್ಕ್ ತರೋದೂ ಬೇಡ.

ಸೈಜ್ ವಿಷಯಕ್ಕೆ ಬರ್ತೀನಿ, ಇಲ್ಲಿ ನಿಮ್ಮ ಲೇಖನ ಅಂದಾಜಿಗೆ ಒಂದು ನಂಬರ್ ಕೊಟ್ಟು ಕೈ ತೊಳ್ಕೊಂಡಿದೆ. ಲಿನಕ್ಸ್‌ನಲ್ಲಿ ಸೈಜ್ ಹೇಳದೇ ಟೆಂಪ್ ಎಫ್ ಎಸ್ ಮೌಂಟ್ ಮಾಡಿದ್ರೆ ಇರೋ ರ‍್ಯಾಮ್‌ನ ಅರ್ಧದವರೆಗೆ ಬೆಳೆಯೋಕೆ ಬಿಡತ್ತೆ. ಫ್ರೀಬಿಎಸ್‌ಡಿಯಲ್ಲಿ ಹೇಳದೇ ಇದ್ರೆ ರ‍್ಯಾಮು ಸ್ವಾಪು ಎರಡೂ ಸೇರಿ ಎಷ್ಟು ಸಿಗತ್ತೋ ಅಷ್ಟೂ ಅದರದ್ದೇ, ಯಾವ್ದೋ ಪ್ರೋಗ್ರಾಂ ತಪ್ಪಿ ಅಲ್ಲಿಗೆ ಬರೀತಾ ಹೋದ್ರೆ ಮಶಿನ್ ಉಸಿರು ಕಟ್ಟತ್ತೆ. ಹಂಗಾಗಿ ಸೈಜ್ ಹಾಕಲೇಬೇಕು. ಎಷ್ಟು ಅನ್ನೋದಕ್ಕೆ ನಮ್ಮ ಕೆಲಸದ ಲೆಕ್ಕಾನೇ ಹೇಳ್ತೀನಿ. ಎ4 ಹಾಳೆ 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದ್ರೆ ಅಡ್ಡಕ್ಕೆ 2480, ಉದ್ದಕ್ಕೆ 3508 ಪಿಕ್ಸೆಲ್, ಗುಣಿಸಿದ್ರೆ ಸುಮಾರು 87 ಲಕ್ಷ, ಕಲರ್ ಆದ್ರೆ ಒಂದಕ್ಕೆ 3 ಬೈಟ್, ಅಂದ್ರೆ ಕಂಪ್ರೆಸ್ ಮಾಡದ ಒಂದು ಪುಟ 25 ಎಂಬಿ ಹತ್ರ ಹತ್ರ. 200 ಪುಟದ ಪುಸ್ತಕ 5 ಜಿಬಿ ಆಯ್ತಾ, ಓರೆ ಆಗಿರೋದನ್ನ ನೇರ ಮಾಡಿ, ಕಲೆ ತೆಗೆದು ಇನ್ನೊಂದು ಕಾಪಿ ಬರೆದ್ರೆ 10. 8 ಜಿಬಿ ರ‍್ಯಾಮ್ ಇರೋ ಮಶಿನ್‌ನಲ್ಲಿ ಇಡೀ ಪುಸ್ತಕಾನ ಮೆಮೊರಿ ಡಿಸ್ಕಿಗೆ ಹಾಕೋಕೆ ಹೋದ್ರೆ ಎಲ್ಲ ಸ್ವಾಪ್‌ಗೆ ಹರಿದು ಹಾರ್ಡ್‌ಡಿಸ್ಕ್‌ಗಿಂತ ಸ್ಲೋ ಆಗತ್ತೆ, ಮಾಡಿದ ಉದ್ದೇಶಾನೇ ಹೋಯ್ತು. 20 ಪುಟದ ಕಂತು ಮಾಡಿದ್ರೆ ಕಾಪಿ ಸಮೇತ 1 ಜಿಬಿ, 2 ಜಿಬಿ ಡಿಸ್ಕ್ ಧಾರಾಳ.

ಮೂಲ ಸ್ಕ್ಯಾನ್ ಮಾತ್ರ ಮೊದ್ಲು ನಿಜವಾದ ಡಿಸ್ಕಿಗೇ ಹೋಗ್ಬೇಕು, ಪುಡಿಪುಡಿ ಆಗೋ ಹಳೇ ಪುಸ್ತಕಾನ ಗಿರಾಕಿ ಎರಡನೇ ಸಲ ಬಿಚ್ಚೋಕೆ ಬಿಡ್ತಾರಾ? ಅಲ್ಲಿಂದ ಒಂದು ಕಂತು ಮೆಮೊರಿ ಡಿಸ್ಕಿಗೆ ತಂದು, ತೊಳೆದು, ಚಿತ್ರದಿಂದ ಅಕ್ಷರ ಎತ್ತೋ ಟೆಸೆರಾಕ್ಟ್ ಸಾಫ್ಟ್‌ವೇರ್‌ಗೆ ಕನ್ನಡ ಡೇಟಾ ಕೊಟ್ಟು ಓದಿಸಿ, ಬಂದ ಪಠ್ಯಾನ ತಕ್ಷಣ ಹಾರ್ಡ್‌ಡಿಸ್ಕಿಗೆ ಬರೆದು, ಮಧ್ಯದ ಚಿತ್ರಗಳನ್ನೆಲ್ಲ ಎಸೆಯೋದು. ಮಧ್ಯೆ ಕರೆಂಟ್ ಹೋದ್ರೆ ಆ ಕಂತು ಮಾತ್ರ ಮತ್ತೆ ಓಡಿಸ್ಬೇಕು, ಯಾರಿಗೂ ನಷ್ಟ ಇಲ್ಲ. ಒತ್ತಕ್ಷರ ಇರೋ ಕಡೆ ಅದು ಮಾಡೋ ತಪ್ಪು ತಿದ್ದೋಕೆ ಹಿಡಿಯೋ ಟೈಮ್ ಮುಂದೆ ಈ ಸ್ಪೀಡ್ ಲೆಕ್ಕ ಏನೂ ಅಲ್ಲ ಬಿಡಿ, ಅದು ಬೇರೆ ಪತ್ರದ ವಿಷಯ.

ಸ್ಪೀಡ್ ಅಂದೆ ಅಂತ ನೆನಪಾಯ್ತು, ಲೇಖನದಲ್ಲಿ ಎಲ್ಲ ಫೈಲೂ ಅಲ್ಲಿಗೆ ಹಾಕಿದ್ರೆ ಇಡೀ ಕಂಪ್ಯೂಟರ್ ಫಾಸ್ಟ್ ಆಗತ್ತೆ ಅಂತ ಬರೆದಿದಾರಲ್ಲ, ಹಂಗೇನೂ ಆಗಲ್ಲ. ಒಂದ್ಸಲ ಓದಿದ ಫೈಲನ್ನ ಸಿಸ್ಟಮ್ ತಾನೇ ಖಾಲಿ ಇರೋ ರ‍್ಯಾಮ್‌ನಲ್ಲಿ ಇಟ್ಕೊಂಡಿರತ್ತೆ, ಲಿನಕ್ಸ್‌ನಲ್ಲಿ ಫ್ರೀ ಅಂತ ಹೊಡೆದ್ರೆ ಬಫ್ ಸ್ಲ್ಯಾಶ್ ಕ್ಯಾಶ್ ಅನ್ನೋ ಕಾಲಂನಲ್ಲಿ ಎಷ್ಟಿದೆ ಅಂತ ಕಾಣ್ಸತ್ತೆ, ಎರಡನೇ ಸಲ ತೆಗೆದಾಗ ಅಲ್ಲಿಂದಾನೇ ಬರೋದು. ನೀವು ಬಲವಂತವಾಗಿ ಮೆಮೊರಿ ಡಿಸ್ಕಿಗೆ ಜಾಗ ಕೊಟ್ರೆ ಕ್ಯಾಶ್‌ಗೆ ಸಿಗ್ತಿದ್ದ ಜಾಗ ಕಿತ್ಕೊಂಡಂಗೆ. ಯುಎಫ್‌ಎಸ್ ಹಾಕಿದ ಎಂಡಿಯಲ್ಲಂತೂ ಒಂದೇ ಡೇಟಾ ಡಿಸ್ಕ್ ಒಳಗೊಂದು, ಕ್ಯಾಶ್ ಒಳಗೊಂದು ಅಂತ ಎರಡು ಕಡೆ ಕೂತಿರೋದೂ ಉಂಟು. ನಿಜವಾದ ಲಾಭ ಎಲ್ಲಿ ಅಂದ್ರೆ ಬರೆದು, ಓದಿ, ತಕ್ಷಣ ಎಸೆಯೋ ಸಾವಿರಾರು ಸಣ್ಣ ಫೈಲ್ ಇರೋ ಕೆಲಸದಲ್ಲಿ, ಸಾಫ್ಟ್‌ವೇರ್ ಕಂಪೈಲ್ ಮಾಡೋ ಕಡೆ, ನಮ್ಮ ಥರ ಚಿತ್ರ ತೊಳೆಯೋ ಕಡೆ. ಇನ್ನೊಂದು ರಾಸ್ಪ್‌ಬೆರಿ ಪೈ ಥರ ಎಸ್‌ಡಿ ಕಾರ್ಡ್ ಮೇಲೆ ಓಡೋ ಮಶಿನ್‌ಗಳು, ಫ್ಲ್ಯಾಶ್ ಮೇಲೆ ಇಷ್ಟು ಸಲ ಅಂತಾನೇ ಬರೆಯೋಕೆ ಆಗೋದು, ಸದಾ ಬರೀತಾ ಇರೋ ಲಾಗ್ ಫೈಲನ್ನ ಮೆಮೊರಿಗೆ ಹಾಕಿದ್ರೆ ಕಾರ್ಡ್ ಬಾಳಿಕೆ ಬರತ್ತೆ, ಆದ್ರೆ ಮಶಿನ್ ಕೈ ಕೊಟ್ಟ ದಿನ ಯಾಕೆ ಕೈ ಕೊಡ್ತು ಅಂತ ನೋಡೋಕೆ ಲಾಗೇ ಇರಲ್ಲ, ಎರಡ್ರಲ್ಲಿ ಒಂದು ಆರಿಸ್ಕೋಬೇಕು.

ಲೇಖಕರು ಗಮನಿಸದೇ ಇರೋ ಒಂದು ಒಳ್ಳೇ ಉಪಯೋಗ ನಾನು ಹೇಳ್ತೀನಿ, ನಿಮ್ಮ ಓದುಗರಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರೋರು ಬೇಕಾದಷ್ಟು ಜನ ಇರ್ತಾರೆ. ಜನ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಎಲ್ಲ ವಾಟ್ಸಾಪ್‌ನಲ್ಲಿ ಕಳಿಸಿ ಪ್ರಿಂಟ್ ಹಾಕಿ ಅಂತಾರೆ, ಸಂಜೆ ಆಗೋಷ್ಟ್ರಲ್ಲಿ ಅಂಗಡಿ ಡೆಸ್ಕ್‌ಟಾಪ್ ಮೇಲೆ ಊರೋರ ಆಧಾರ್ ಎಲ್ಲ ಹರಡ್ಕೊಂಡಿರತ್ತೆ, ತಿಂಗಳಾನುಗಟ್ಟಲೆ ಹಂಗೇ ಬಿದ್ದಿರತ್ತೆ. ಡೌನ್‌ಲೋಡ್ ಫೋಲ್ಡರನ್ನ ಒಂದು ಸಣ್ಣ ಟೆಂಪ್ ಎಫ್ ಎಸ್ ಮೇಲೆ ಇಟ್ರೆ ರಾತ್ರಿ ಮಶಿನ್ ಆಫ್ ಮಾಡಿದಾಗ ಎಲ್ಲ ಹೋಯ್ತು, ಯಾರೂ ಕೂತು ಅಳಿಸ್ಬೇಕಾಗಿಲ್ಲ. ಇಲ್ಲಿ ನೋಡಿ, ಹೋಗೋದೇ ಒಳ್ಳೇದು. ಆದ್ರೆ ಇದ್ರಲ್ಲೂ ಒಂದು ಬಿಲ ಇದೆ, ಮೆಮೊರಿ ಸಾಲದೇ ಇದ್ದಾಗ ಇವೇ ಪೇಜ್‌ಗಳು ಸ್ವಾಪ್‌ಗೆ ಹೋಗ್ತಾವೆ, ಸ್ವಾಪ್ ಹಾರ್ಡ್‌ಡಿಸ್ಕ್ ಮೇಲಿರೋದು, ಅಲ್ಲಿ ಬರೆದಿದ್ದು ಆಫ್ ಮಾಡಿದ್ರೂ ಅಲ್ಲೇ ಇರತ್ತೆ. ಫ್ರೀಬಿಎಸ್‌ಡಿಯಲ್ಲಿ ಎಫ್‌ಎಸ್ ಟ್ಯಾಬ್‌ನಲ್ಲಿ ಸ್ವಾಪ್ ಡಿವೈಸ್ ಹೆಸರಿನ ಕೊನೇಲಿ ಡಾಟ್ ಇಎಲ್ಐ ಅಂತ ಸೇರಿಸಿದ್ರೆ ಪ್ರತೀ ಬೂಟ್‌ಗೂ ಹೊಸ ಕೀ ಹಾಕಿ ಸ್ವಾಪ್‌ನ ಎನ್‌ಕ್ರಿಪ್ಟ್ ಮಾಡತ್ತೆ, ಆಫ್ ಆದ್ಮೇಲೆ ಆ ಕೀನೂ ಇಲ್ಲ, ಓದೋಕೂ ಆಗಲ್ಲ. ಲಿನಕ್ಸ್‌ನಲ್ಲಿ 6.4 ಕರ್ನಲ್‌ನಿಂದ ಟೆಂಪ್ ಎಫ್ ಎಸ್‌ಗೆ ನೋಸ್ವಾಪ್ ಅನ್ನೋ ಆಪ್ಶನ್ ಬಂದಿದೆ. ರ‍್ಯಾಮ್ ಎಫ್ ಎಸ್ ಅಂತ ಹಳೇದೊಂದಿದೆ, ಅದು ಸ್ವಾಪ್‌ಗೆ ಹೋಗಲ್ಲ ಅಂತ ಕೆಲವ್ರು ಅದನ್ನ ಹಾಕೋಕೆ ಹೇಳ್ತಾರೆ, ದಯವಿಟ್ಟು ಬೇಡ, ಅದಕ್ಕೆ ಸೈಜ್ ಮಿತಿನೇ ಇಲ್ಲ, ಎಷ್ಟು ಹೇಳಿದ್ರೂ ಕೇಳಲ್ಲ.

ಲಿನಕ್ಸ್‌ನವರಿಗೆ ಪೂರ್ತಿ ಕಮಾಂಡ್ ಹಿಂಗೆ: ಮೌಂಟ್, ಡ್ಯಾಶ್ ಟಿ, ಟೆಂಪ್ ಎಫ್ ಎಸ್, ಡ್ಯಾಶ್ ಓ, ಸೈಜ್ ಈಕ್ವಲ್ 2ಜಿ ಕಾಮಾ ಮೋಡ್ ಈಕ್ವಲ್ 1777 (ಈ ಕಾಮಾ ಮಾತ್ರ ನಿಜವಾದ ಕಾಮಾ, ಅದ್ರ ಅಕ್ಕಪಕ್ಕ ಗ್ಯಾಪ್ ಬೇಡ), ಮತ್ತೆ ಟೆಂಪ್ ಎಫ್ ಎಸ್, ಕೊನೇಲಿ ಖಾಲಿ ಫೋಲ್ಡರಿನ ದಾರಿ. ಮೊದಲನೇ ಟೆಂಪ್ ಎಫ್ ಎಸ್ ಬಗೆ, ಎರಡನೇದು ಬರೀ ಹೆಸರು, ಡಿ ಎಫ್‌ನಲ್ಲಿ ಗುರುತು ಸಿಗೋಕೆ. ಜಾಗ ಸಾಲದೇ ಬಂದ್ರೆ ಬಿಚ್ಚೋದೇ ಬೇಡ, ಆಪ್ಶನ್‌ನಲ್ಲಿ ರಿಮೌಂಟ್ ಅಂತ ಹೇಳಿ ಹೊಸ ಸೈಜ್ ಕೊಟ್ರೆ ಒಳಗಿನ ಫೈಲ್ ಇದ್ದಂಗೇ ಡಿಸ್ಕ್ ದೊಡ್ಡದಾಗತ್ತೆ.

ಕೊನೇದಾಗಿ ಇದನ್ನಾದ್ರೂ ಮುಂದಿನ ವಾರದ ಟೆಕ್ ಪುಟದಲ್ಲಿ ತಿದ್ದುಪಡಿ ಥರ ಹಾಕಿ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ಅನ್ನೋ ಲಿನಕ್ಸ್‌ನಲ್ಲಿ ಟೆಂಪ್ ಫೋಲ್ಡರ್ ಡೀಫಾಲ್ಟ್ ಆಗಿ ಟೆಂಪ್ ಎಫ್ ಎಸ್ಸೇ, ಯಾರೂ ಯಾವ ಕಮಾಂಡೂ ಹೊಡೀಬೇಕಾಗಿಲ್ಲ, ಫೆಡೋರಾದಲ್ಲಿ ಎಷ್ಟೋ ವರ್ಷದಿಂದ ಹಂಗೇ ಇದೆ. ಅಂದ್ರೆ ಹಳೇ ಅಭ್ಯಾಸದಂತೆ 'ಈಗ ಇಲ್ಲಿಟ್ಟಿರ್ತೀನಿ, ನಾಳೆ ನೋಡೋಣ' ಅಂತ ಟೆಂಪ್‌ನಲ್ಲಿ ಫೈಲ್ ಹಾಕಿ ಮನೆಗೆ ಹೋಗೋರಿಗೆ ರಾತ್ರಿ ಮಶಿನ್ ಆಫ್ ಮಾಡಿದ್ರೆ ಬೆಳಗ್ಗೆ ಬಂದಾಗ ಅದಿರಲ್ಲ. ಹೊಸದಾಗಿ ಇನ್‌ಸ್ಟಾಲ್ ಮಾಡಿದ್ರೆ ಮಶಿನ್ ಆನ್ ಇದ್ರೂ 10 ದಿನ ಹಳೇದಾದ ಫೈಲನ್ನ ಅದೇ ತೆಗೀತಾ ಬರತ್ತೆ. ವಾರ್ ಸ್ಲ್ಯಾಶ್ ಟೆಂಪ್ ಅಂತ ಇನ್ನೊಂದು ಫೋಲ್ಡರ್ ಇದೆ, ಅದು ಡಿಸ್ಕ್ ಮೇಲಿರೋದು, ರೀಬೂಟ್ ಆದ್ರೂ ಉಳಿಯತ್ತೆ, ಹೊಸ ಡೆಬಿಯನ್‌ನಲ್ಲಿ ಅಲ್ಲಿಗೂ 30 ದಿನದ ಗಡುವು ಹಾಕಿದಾರೆ. ನಿಮ್ಮ ಮಶಿನ್‌ನಲ್ಲಿ ಹೆಂಗಿದೆ ಅಂತ ಗೊತ್ತಾಗೋಕೆ ಡಿ ಎಫ್, ಡ್ಯಾಶ್ ದೊಡ್ಡ ಟಿ, ಸ್ಲ್ಯಾಶ್ ಟೆಂಪ್ ಅಂತ ಹೊಡೀರಿ, ಎರಡನೇ ಕಾಲಂನಲ್ಲಿ ಟೆಂಪ್ ಎಫ್ ಎಸ್ ಅಂತಿದ್ರೆ ಅದು ಮೆಮೊರಿ. ನಿಮ್ಮ ಆಫೀಸಿನ ಪೇಜ್ ಕಟ್ಟೋ ಸೆಕ್ಷನ್‌ನಲ್ಲಿ ಲಿನಕ್ಸ್ ಮಶಿನ್ ಇದ್ರೆ ಅಲ್ಲೂ ಒಂದ್ಸಲ ನೋಡ್ಸಿ, ನಾಳೆ ಭಾನುವಾರದ ಪುರವಣಿ ಪೇಜ್ ಯಾರಾದ್ರೂ ಅಲ್ಲಿಟ್ಟಿದ್ರೆ ಕಷ್ಟ.

ಇಂತಿ,
ನಿಮ್ಮ ಹಳೇ ಓದುಗ,
ಸುಲ್ತಾನ್‌ಪೇಟೆ, ಬೆಂಗಳೂರು